ಅಸಿಟ್ರೋಮ್, ವಾರ್ಫ್ ನುಂಗುವವರ ಗಮನಕ್ಕೆ: ಎರಡನೇ ಚೀಟಿ ಬಂದಾಗ ಮಾಡಬೇಕಾದ್ದು, ಮಾಡಬಾರದ್ದು

ಹೃದಯದ ವಾಲ್ವ್ ಬದಲಾಯಿಸಿಕೊಂಡವರು, ಎದೆಬಡಿತ ತಾಳ ತಪ್ಪಿದವರು, ಕಾಲಿನ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿ ಬಂದವರು, ಇವರಲ್ಲಿ ಅನೇಕರು ದಿನಾ ಸಂಜೆ ಒಂದು ಚಿಕ್ಕ ಮಾತ್ರೆ ನುಂಗುತ್ತಾರೆ. ನಮ್ಮ ಕಡೆ ಅದು ಹೆಚ್ಚಾಗಿ ಅಸಿಟ್ರೋಮ್, ಕೆಲವರಿಗೆ ವಾರ್ಫ್. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ‘ರಕ್ತ ತೆಳು ಮಾಡೋ ಮಾತ್ರೆ’. ಈ ಸೂಚನೆ ಅವರಿಗೆ, ಮತ್ತು ಅವರ ಮಾತ್ರೆ ಡಬ್ಬಿ ನೋಡಿಕೊಳ್ಳುವ ಮಗಳು, ಸೊಸೆ, ಮೊಮ್ಮಗನಿಗೆ.

ಹೃದಯದ ಡಾಕ್ಟರು ಬರೆದ ಮಾತ್ರೆ ನಡೆಯುತ್ತಲೇ ಇರುತ್ತದೆ. ನಡುವೆ ಹಲ್ಲು ನೋಯುತ್ತದೆ, ಉರಿಮೂತ್ರ ಶುರುವಾಗುತ್ತದೆ, ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ. ಇನ್ನೊಬ್ಬ ಡಾಕ್ಟರು ಇನ್ನೊಂದು ಚೀಟಿ ಬರೆಯುತ್ತಾರೆ. ಬರೆದವರಿಬ್ಬರೂ ಓದಿದವರೇ, ಬರೆದ ಔಷಧಿ ಎರಡೂ ಬೇಕಾದದ್ದೇ. ಆದರೂ ಒಂದೇ ಮೈಯೊಳಗೆ ಸೇರಿದಾಗ ಎರಡನೆಯದು ಮೊದಲನೆಯದರ ಲೆಕ್ಕ ಕೆಡಿಸಬಹುದು. ಒಂದು ಕಡೆ ಕೆಟ್ಟರೆ ರಕ್ತಸ್ರಾವ, ಇನ್ನೊಂದು ಕಡೆ ಕೆಟ್ಟರೆ ವಾಲ್ವಿನ ಮೇಲೆ ಹೆಪ್ಪು, ಲಕ್ವ.

ಇಡೀ ಸೂಚನೆಯಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಹೊಸ ಮಾತ್ರೆ ಶುರುವಾದ ದಿನ ಎಷ್ಟು ಮುಖ್ಯವೋ, ಅದು ನಿಂತ ದಿನವೂ ಅಷ್ಟೇ ಮುಖ್ಯ. ಶುರು ಮಾಡುವಾಗ ಕೇಳುವವರು ಉಂಟು. ನಿಲ್ಲಿಸುವಾಗ ಕೇಳುವವರು ತೀರಾ ಕಡಿಮೆ.

ಚೀಟಿ ಬರೆಯುವ ಮೊದಲು

ಬಾಯಿ ಬಿಟ್ಟು ಹೇಳಿ. ಡಾಕ್ಟರು ಕೇಳಲಿ ಎಂದು ಕಾಯಬೇಡಿ. “ಡಾಕ್ಟ್ರೇ, ನಾನು ಅಸಿಟ್ರೋಮ್ ತಗೋತಿದೀನಿ, ವಾಲ್ವ್ ಆಪರೇಷನ್ ಆಗಿದೆ. ಇದು ಐಎನ್‌ಆರ್ ಪುಸ್ತಕ, ನೋಡಿ.” ಇಷ್ಟು ಸಾಕು. ಕೂತ ತಕ್ಷಣ, ನೋವಿನ ಕಥೆ ಶುರು ಮಾಡುವ ಮೊದಲೇ ಹೇಳಬೇಕು. ಚೀಟಿ ಬರೆದು ಮುಗಿಸಿ ಮುಂದಿನವರನ್ನು ಕರೆದ ಮೇಲೆ ಬಾಗಿಲ ಬಳಿ ನಿಂತು ಹೇಳಿದರೆ ಅದು ಅರ್ಧ ಕಿವಿಗೆ ಬಿದ್ದು ಹೋಗುತ್ತದೆ.

ಯಾರಿಗೆಲ್ಲ ಹೇಳಬೇಕು? ಹಲ್ಲಿನ ಡಾಕ್ಟರಿಗೆ, ಚರ್ಮದವರಿಗೆ, ಕಣ್ಣಿನವರಿಗೆ, ಮೂಳೆಯವರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ, ಬೀದಿ ಕೊನೆಯ ಕ್ಲಿನಿಕ್ಕಿನವರಿಗೆ, ಮೆಡಿಕಲ್ ಸ್ಟೋರಿನವರಿಗೆ. ಆಯುರ್ವೇದ, ಹೋಮಿಯೋಪತಿಯವರನ್ನೂ ಬಿಡಬೇಡಿ.

“ಬಿಪಿಗೆ ಒಂದು, ಹಾರ್ಟಿಗೆ ಒಂದು ಬಿಳಿ ಮಾತ್ರೆ” ಎಂದು ವಿವರಿಸಬೇಡಿ. ಲೋಕದಲ್ಲಿ ಬಿಳಿ ಮಾತ್ರೆಗಳಿಗೆ ಬರವಿಲ್ಲ. ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ. ಮಾತ್ರೆ ಕಿತ್ತುಕೊಳ್ಳುವಾಗ ಹೆಸರಿರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಅಸಿಟ್ರೋಮ್ ಸ್ಟ್ರಿಪ್ಪಿನ ಮೇಲೆ ನಿಕೌಮಲೋನ್ ಎಂದೋ ಅಸೆನೊಕೌಮರಾಲ್ ಎಂದೋ ಇರಬಹುದು. ಎರಡೂ ಒಂದೇ ಔಷಧಿ. ವಾರ್ಫ್‌ನಲ್ಲಿ ಇರುವುದು ವಾರ್ಫರಿನ್. ಇವೆರಡೂ ಒಂದೇ ಜಾತಿಯವು, ಆದರೆ ಮಿಲಿಗ್ರಾಂ ಲೆಕ್ಕ ಒಂದಲ್ಲ. ಅಸಿಟ್ರೋಮ್ 2 ಸಿಗಲಿಲ್ಲವೆಂದು ಅಂಗಡಿಯವರು ವಾರ್ಫ್ 2 ಕೊಟ್ಟರೆ ತೆಗೆದುಕೊಳ್ಳಕೂಡದು. ವಾಪಸ್ ಕೊಟ್ಟು ಇನ್ನೊಂದು ಅಂಗಡಿಗೆ ಹೋಗಿ.

ಪರ್ಸಿನಲ್ಲಿ, ಇಲ್ಲವೇ ಮೊಬೈಲ್ ಕವರಿನ ಹಿಂದೆ ಒಂದು ಚೀಟಿ ಇರಲಿ: ಹೆಸರು, ಮಾತ್ರೆಯ ಹೆಸರು, ಯಾತಕ್ಕೆ ಕೊಟ್ಟದ್ದು, ಐಎನ್‌ಆರ್ ಎಷ್ಟರಿಂದ ಎಷ್ಟರೊಳಗೆ ಇರಬೇಕು, ಹೃದಯದ ಡಾಕ್ಟರ ನಂಬರು. ಬೈಕಿನಿಂದ ಬಿದ್ದು ಎಚ್ಚರ ತಪ್ಪಿದಾಗ ನಿಮ್ಮ ಪರವಾಗಿ ಮಾತಾಡುವುದು ಆ ಚೀಟಿಯೇ.

ಲೆಕ್ಕ ಕೆಡುವುದು ಹೇಗೆ

ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ಲಿವರ್ ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಡಾಕ್ಟರ ಭಾಷೆಯಲ್ಲಿ ಅವು 2, 7, 9, 10ನೇ ಅಂಶಗಳು. ವಾರ್ಫರಿನ್, ಅಸೆನೊಕೌಮರಾಲ್ ಆ ವಿಟಮಿನ್ನಿನ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ಎಷ್ಟು ಅಡ್ಡ ಹಾಕಿದೆ ಎಂದು ಅಳೆಯುವುದು ಐಎನ್‌ಆರ್ ಪರೀಕ್ಷೆ. ಮಾತ್ರೆ ಇಲ್ಲದವರಲ್ಲಿ ಅದು 1ರ ಆಸುಪಾಸು. ತಾಳ ತಪ್ಪಿದ ಬಡಿತಕ್ಕೆ, ಕಾಲಿನ ಹೆಪ್ಪಿಗೆ ಸಾಮಾನ್ಯವಾಗಿ 2ರಿಂದ 3 ಇರಬೇಕು. ಎಡಭಾಗದ ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದ್ದವರಿಗೆ 2.5ರಿಂದ 3.5. ಈ ಅಂತರ ಬಹಳ ಕಿರಿದು, ಅದಕ್ಕೇ ಇಷ್ಟೆಲ್ಲ ಹೇಳಬೇಕಾಗಿದೆ.

ನುಂಗಿದ ಮಾತ್ರೆಯನ್ನು ಒಡೆದು ಹೊರಗೆ ಕಳಿಸುವ ಕೆಲಸವೂ ಲಿವರಿನದೇ. ಅಲ್ಲಿನ ಕಿಣ್ವವನ್ನು ಕೆರೆಯ ತೂಬು ಎಂದುಕೊಳ್ಳಿ. ಕೆಲವು ಔಷಧಿಗಳು ತೂಬು ಮುಚ್ಚುತ್ತವೆ. ದಿನಾ ಅಷ್ಟೇ ನೀರು ಬಂದರೂ ಕೆರೆ ತುಂಬುತ್ತಾ ಹೋಗುತ್ತದೆ, ಐಎನ್‌ಆರ್ ಏರುತ್ತದೆ. ಕೆಲವು ತೂಬನ್ನು ಪೂರ್ತಿ ಎತ್ತಿಬಿಡುತ್ತವೆ. ಎಷ್ಟು ಬಂದರೂ ನಿಲ್ಲದು, ಐಎನ್‌ಆರ್ ಇಳಿಯುತ್ತದೆ.

ಹಾಗಾಗಿ “ಎರಡು ಗಂಟೆ ಬಿಟ್ಟು ತಗೊಂಡ್ರೆ ಏನೂ ಆಗಲ್ಲ” ಎಂಬ ಮಾತನ್ನು ನಂಬಬೇಡಿ. ಆ ಅಂತರ ಹೊಟ್ಟೆಯಲ್ಲಿ ಕಲೆತು ಕೆಡುವ ಔಷಧಿಗಳಿಗೆ ಸರಿ, ಲಿವರಿನಲ್ಲಿ ಡಿಕ್ಕಿ ಹೊಡೆಯುವವಕ್ಕೆ ಅಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿದರೂ ಫಲ ಅದೇ.

ಇನ್ನೊಂದು ವಿಷಯ. ಇವತ್ತು ಹೆಚ್ಚಾದದ್ದು ಇವತ್ತೇ ಕಾಣುವುದಿಲ್ಲ. ರಕ್ತದಲ್ಲಿ ಆಗಲೇ ಇರುವ ಅಂಶಗಳು ಸವೆಯಬೇಕು; 2ನೇ ಅಂಶ ಅರ್ಧಕ್ಕೆ ಇಳಿಯಲು ಎರಡೂವರೆ ಮೂರು ದಿನ ಬೇಕು. “ಎರಡು ದಿನ ತಗೊಂಡೆ, ಏನೂ ಆಗಲಿಲ್ಲ” ಎಂಬುದು ಧೈರ್ಯಕ್ಕೆ ಆಧಾರವಲ್ಲ.

ಹಲ್ಲಿನ ಚೀಟಿ

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಕೈಗೆ ಅತಿ ಹೆಚ್ಚು ಬರುವ ಎರಡನೇ ಚೀಟಿ ಇದೇ. ದವಡೆ ಊದಿದೆ. ಚೀಟಿಯಲ್ಲಿ ಮೂರು ಸಾಲು. ಮೊದಲನೆಯದು ಅಮಾಕ್ಸಿಸಿಲಿನ್, ಎರಡನೆಯದು ಮೆಟ್ರೊನಿಡಜೋಲ್ 400, ಮೂರನೆಯದು ಅಸೆಕ್ಲೋಫಿನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ನೋವಿನ ಮಾತ್ರೆ. ಐದು ದಿನಕ್ಕೆ. ರಕ್ತ ತೆಳು ಮಾಡುವ ಮಾತ್ರೆ ಇಲ್ಲದವರಿಗೆ ಇದು ದಿನನಿತ್ಯದ ಚೀಟಿ. ಇರುವವರಿಗೆ ಮೊದಲ ಸಾಲಿನಿಂದ ಅಲ್ಪ ಅಪಾಯ, ಐಎನ್‌ಆರ್ ನೋಡಿಕೊಂಡರೆ ಸಾಕು. ಎರಡನೇ ಸಾಲು ತೂಬು ಮುಚ್ಚುವ ಮಾತ್ರೆ, ಐಎನ್‌ಆರ್ ಸರ್ರನೆ ಏರಬಹುದು. ಮೂರನೇ ಸಾಲು ಹೊಟ್ಟೆಯ ಒಳಪದರ ಕೆರೆದು, ರಕ್ತದ ಪ್ಲೇಟ್‌ಲೆಟ್‌ಗಳ ಕೈಯನ್ನೂ ಕಟ್ಟಿಹಾಕುತ್ತದೆ. ರಕ್ತ ನಿಲ್ಲದ ಹೊತ್ತಿನಲ್ಲೇ ಹೊಟ್ಟೆಯಲ್ಲಿ ಹುಣ್ಣು ಬೀಳುತ್ತದೆ.

ಮಾಡಬೇಕಾದ್ದು: ಚೀಟಿ ಬರೆಯುವಾಗಲೇ “ಮೆಟ್ರೊನಿಡಜೋಲ್ ಬಿಟ್ಟು ಬೇರೆ ಆಗುತ್ತಾ? ನೋವಿಗೆ ಬರೀ ಪ್ಯಾರಾಸಿಟಮಾಲ್ ಸಾಕಾ?” ಎಂದು ಕೇಳಿ. ಎಷ್ಟೋ ಸಲ ಆಗುತ್ತದೆ. ಬೇಕೇ ಬೇಕು ಎಂದರೆ ಹೃದಯದ ಡಾಕ್ಟರಿಗೆ ಫೋನು ಮಾಡಿಸಿ, ಐಎನ್‌ಆರ್ ಯಾವತ್ತು ಮಾಡಿಸಬೇಕು ಎಂದು ತಾರೀಖು ಬರೆಸಿಕೊಂಡು ಹೊರಡಿ.

ಮಾಡಬಾರದ್ದು: ಹಲ್ಲು ಕೀಳಿಸಲಿಕ್ಕಿದೆ ಎಂದು ನೀವೇ ಅಸಿಟ್ರೋಮ್ ನಿಲ್ಲಿಸಬೇಡಿ. ಐಎನ್‌ಆರ್ ಮಿತಿಯಲ್ಲಿದ್ದರೆ ಒಂದೆರಡು ಹಲ್ಲನ್ನು ಮಾತ್ರೆ ನಿಲ್ಲಿಸದೆಯೇ ಕೀಳಬಹುದು. ಒಸಡಿನಿಂದ ಬರುವ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಲು ದಾರಿ ಇದೆ. ವಾಲ್ವಿನ ಮೇಲೆ ಕಟ್ಟಿದ ಹೆಪ್ಪಿಗೆ ಅಷ್ಟು ಸುಲಭದ ದಾರಿಯಿಲ್ಲ.

ಬಾಯಿಹುಣ್ಣಿಗೆ, ಹಲ್ಲಿನ ಸೆಟ್ಟಿನ ಕೆಳಗೆ ಏಳುವ ಬಿಳಿ ಬೂಷ್ಟಿಗೆ ಮೈಕೊನಜೋಲ್ ಜೆಲ್ ಕೊಡುವುದುಂಟು. “ಹಚ್ಚೋದು ತಾನೇ, ನುಂಗೋದಲ್ಲವಲ್ಲ” ಎನ್ನಬೇಡಿ. ಬಾಯಿಗೆ ಹಚ್ಚಿದ್ದು ಗಂಟಲಿಗಿಳಿಯುತ್ತದೆ, ಐಎನ್‌ಆರನ್ನು ಜೋರಾಗಿ ಏರಿಸುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಇದೇ ಜೆಲ್ ಮತ್ತು ವಾರ್ಫರಿನ್ ಜೋಡಿಯ ಬಗ್ಗೆ ಪ್ರತ್ಯೇಕವಾಗಿ ಎಚ್ಚರಿಕೆ ಕೊಟ್ಟಿತು. ಬಾಯಿಗೆ ಹಚ್ಚುವ ಮೈಕೊನಜೋಲ್ ಬೇಡವೇ ಬೇಡ. ಬದಲಿ ಔಷಧಿ ಇದೆ, ಕೇಳಿ.

ಆಂಟಿಬಯೋಟಿಕ್, ಬೂಷ್ಟಿನ ಮಾತ್ರೆ

ಉರಿಮೂತ್ರಕ್ಕೆ ಕೊಡುವ ಕೋಟ್ರೈಮಾಕ್ಸಜೋಲ್, ಹುಳುಕಡ್ಡಿಗೆ ವಾರಕ್ಕೊಂದರಂತೆ ಕೊಡುವ ಫ್ಲುಕೊನಜೋಲ್, ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಎದೆಯ ಕಫಕ್ಕೆ ಕೊಡುವ ಕ್ಲಾರಿತ್ರೊಮೈಸಿನ್, ಐಎನ್‌ಆರ್ ಏರಿಸುವವುಗಳ ಪಟ್ಟಿಯಲ್ಲಿ ಮುಂದಿರುವವು. ಕೆನಡಾದ ಒಂಟಾರಿಯೊದಲ್ಲಿ ವಾರ್ಫರಿನ್ ತೆಗೆದುಕೊಳ್ಳುವ ವಯಸ್ಸಾದವರ ದಾಖಲೆ ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಟ್ರೈಮಾಕ್ಸಜೋಲ್ ಸೇರಿದಾಗ ಹೊಟ್ಟೆಯ ರಕ್ತಸ್ರಾವಕ್ಕಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಆಗಿತ್ತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಭೇದಿ ಎಂದರೆ ಸಾಕು, ಮೆಡಿಕಲ್ ಸ್ಟೋರಿನಲ್ಲಿ ನಾರ್ಫ್ಲಾಕ್ಸಸಿನ್-ಟಿನಿಡಜೋಲ್ ಅಥವಾ ಆಫ್ಲಾಕ್ಸಸಿನ್-ಆರ್ನಿಡಜೋಲ್ ಜೋಡಿಮಾತ್ರೆ ಕೈಗೆ ಬರುತ್ತದೆ. ಕಾನೂನಿನ ಪ್ರಕಾರ ಚೀಟಿಯಿಲ್ಲದೆ ಮಾರಕೂಡದು, ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದೆ, ಆದರೂ ಸಿಗುತ್ತದೆ. ಇದರ ಒಂದು ಭಾಗ ಮೆಟ್ರೊನಿಡಜೋಲಿನ ದಾಯಾದಿ. ನೀವಾಗಿ ಕೊಳ್ಳಬೇಡಿ. ಹೋದ ವರ್ಷ ಉಳಿದ ಅರ್ಧ ಸ್ಟ್ರಿಪ್ಪನ್ನೂ ನುಂಗಬೇಡಿ.

ಪಟ್ಟಿಯಲ್ಲಿ ಇಲ್ಲದ ಆಂಟಿಬಯೋಟಿಕ್ ಆದರೆ ನಿಶ್ಚಿಂತೆ ಎಂದುಕೊಳ್ಳಕೂಡದು. ಜ್ವರ ಬಂದಾಗ ಊಟ ಸೇರುವುದಿಲ್ಲ. ಬರೀ ಗಂಜಿ, ಸೊಪ್ಪು ತರಕಾರಿ ಇಲ್ಲ, ವಿಟಮಿನ್ ಕೆ ಕಡಿಮೆ. ಜೊತೆಗೆ ಭೇದಿಯಿದ್ದರೆ ಇನ್ನೂ ಕಡಿಮೆ. ಇದೊಂದರಿಂದಲೇ ಐಎನ್‌ಆರ್ ಏರುತ್ತದೆ. ಆದ್ದರಿಂದ ಯಾವ ಆಂಟಿಬಯೋಟಿಕ್ ಆದರೂ ಶುರುವಾದ ಮೂರರಿಂದ ಐದು ದಿನದೊಳಗೆ ಒಮ್ಮೆ, ಮುಗಿದ ಒಂದು ವಾರದೊಳಗೆ ಇನ್ನೊಮ್ಮೆ ರಕ್ತ ಕೊಟ್ಟು ಬನ್ನಿ. ತೂಬು ಮುಚ್ಚಿದ್ದಕ್ಕೆ ಡಾಕ್ಟರು ಅಸಿಟ್ರೋಮ್ ಕಡಿಮೆ ಮಾಡಿದ್ದರೆ, ಆಂಟಿಬಯೋಟಿಕ್ ನಿಂತ ಮೇಲೆ ಮತ್ತೆ ಹೆಚ್ಚಿಸಬೇಕಲ್ಲ? ಅದನ್ನು ಹೇಳಲು ನೀವು ಹೋಗಬೇಕು. ಅವರಾಗಿ ಫೋನು ಮಾಡುವುದಿಲ್ಲ.

ಅಂದ ಹಾಗೆ, ರಕ್ತಸ್ರಾವಕ್ಕೆ ಹೆದರಿ ಆಂಟಿಬಯೋಟಿಕ್ ಬೇಡ ಎನ್ನುವುದೂ ತಪ್ಪು. ಕೃತಕ ವಾಲ್ವಿಗೆ ಸೋಂಕು ಹತ್ತಿದರೆ ಅದು ಪ್ರಾಣಕ್ಕೇ ಕುತ್ತು. ಬೇಕಾದ ಔಷಧಿ ತಗೊಳ್ಳಿ, ಲೆಕ್ಕ ಇಟ್ಟು ತಗೊಳ್ಳಿ.

ನೋವಿನ ಮಾತ್ರೆ, ನೋವಿನ ಇಂಜೆಕ್ಷನ್

ಡೈಕ್ಲೊಫಿನಾಕ್, ಅಸೆಕ್ಲೋಫಿನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಎಟೋರಿಕಾಕ್ಸಿಬ್: ಡಾಕ್ಟರಿಗೆ ಗೊತ್ತಿಲ್ಲದೆ ಯಾವುದೂ ಬೇಡ. ಇವುಗಳ ಮೋಸವೆಂದರೆ ಐಎನ್‌ಆರ್ ಸರಿಯಾಗಿಯೇ ಇರಬಹುದು, 2.6 ಬರಬಹುದು, ಹೊಟ್ಟೆಯಲ್ಲಿ ರಕ್ತ ಸೋರುತ್ತಿರಬಹುದು. ಐಎನ್‌ಆರ್ ಪರೀಕ್ಷೆ ಪ್ಲೇಟ್‌ಲೆಟ್‌ನ ಸ್ಥಿತಿಯನ್ನೂ ಹೇಳುವುದಿಲ್ಲ, ಹೊಟ್ಟೆಹುಣ್ಣನ್ನೂ ಹೇಳುವುದಿಲ್ಲ.

“ಜೊತೆಗೊಂದು ಗ್ಯಾಸ್ ಮಾತ್ರೆ ತಗೋತೀನಿ” ಎಂಬ ಸಮಾಧಾನ ಪೂರ್ತಿ ಸರಿಯಲ್ಲ. ಪ್ಯಾಂಟೊಪ್ರಜೋಲ್ ಜಠರವನ್ನು ಸ್ವಲ್ಪ ಕಾಯುತ್ತದೆ. ಕರುಳನ್ನು, ಮಿದುಳನ್ನು ಕಾಯುವುದಿಲ್ಲ.

ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಆದರೆ ಅದನ್ನೂ ದಿನಕ್ಕೆ 2 ಗ್ರಾಂ, ಅಂದರೆ 500ರ ನಾಲ್ಕು ಮಾತ್ರೆ, ಅಥವಾ ಹೆಚ್ಚು, ದಿನಗಟ್ಟಲೆ ನುಂಗಿದರೆ ಐಎನ್‌ಆರ್ ಏರಬಹುದು. ಒಂದೆರಡು ದಿನಕ್ಕೆ ಸರಿ, ವಾರಗಟ್ಟಲೆ ಎಂದರೆ ಹೇಳಿ. ಟ್ರಮಡಾಲ್ ಕೊಟ್ಟರೂ ಕೇಳಿ. ಕೆಲವರಲ್ಲಿ ಅದೂ ಏರಿಸಿದ ವರದಿಗಳಿವೆ.

ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಇದನ್ನು ಒತ್ತಿ ಹೇಳಬೇಕು. ಸೂಜಿ ಬಿದ್ದರೇ ಚಿಕಿತ್ಸೆ ಆದಂತೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಇನ್ನೂ ಗಟ್ಟಿ. ಇಂಜೆಕ್ಷನ್ ಕೊಡದ ಡಾಕ್ಟರು ಡಾಕ್ಟರೇ ಅಲ್ಲ. ಬೆನ್ನು ಹಿಡಿದುಕೊಂಡಿತೆಂದು ಕ್ಲಿನಿಕ್ಕಿಗೆ ಹೋದರೆ ಪಿರ್ರೆಯ ಸ್ನಾಯುವಿಗೆ ಡೈಕ್ಲೊಫಿನಾಕ್. ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಇಮ್ಮಡಿ ತಪ್ಪು. ಸೂಜಿ ಚುಚ್ಚಿದ ಆಳದಲ್ಲಿ ರಕ್ತ ಸೋರಿ ಗಡ್ಡೆ ಕಟ್ಟುತ್ತದೆ, ತೊಡೆಯವರೆಗೂ ನೀಲಿ ಹಬ್ಬುತ್ತದೆ, ಕಾಲು ಎತ್ತಲಾಗುವುದಿಲ್ಲ. ಒಳಗೆ ಹೋದ ಔಷಧಿ ಹೊಟ್ಟೆಗೂ ಕಾಟ ಕೊಡುತ್ತದೆ. “ಇಂಜೆಕ್ಷನ್ ಬೇಡ ಡಾಕ್ಟ್ರೇ, ರಕ್ತ ತೆಳು ಮಾಡೋ ಮಾತ್ರೆ ತಗೋತಿದೀನಿ” ಎಂದು ಅಂಗಿ ಮೇಲೆತ್ತುವ ಮೊದಲೇ ಹೇಳಿ.

ಆಸ್ಪಿರಿನ್ ಬೇರೆ ಮಾತು. ಕೆಲವರಿಗೆ ಹೃದಯದ ಡಾಕ್ಟರೇ ಸಣ್ಣ ಪ್ರಮಾಣದ ಆಸ್ಪಿರಿನ್ನನ್ನು ಅಸಿಟ್ರೋಮ್ ಜೊತೆಗೆ ಬರೆದಿರುತ್ತಾರೆ, ಅಪಾಯ ಗೊತ್ತಿದ್ದೇ, ಲಾಭ ಹೆಚ್ಚೆಂದು ತೂಗಿ. ಮೊಬೈಲಿನಲ್ಲಿ ಎರಡೂ ಹೆಸರು ಹಾಕಿ ನೋಡಿದರೆ ಕೆಂಪು ಅಕ್ಷರದಲ್ಲಿ ‘ಗಂಭೀರ’ ಎಂದು ಬರುತ್ತದೆ. ಅದನ್ನು ನೋಡಿ ನೀವೇ ಆಸ್ಪಿರಿನ್ ಬಿಡಬೇಡಿ. ಎರಡು ಔಷಧಿಗಳ ನಡುವೆ ತೊಂದರೆ ವರದಿಯಾಗಿದೆ ಎಂದರೆ ಜೊತೆಗೆ ಕೊಡಲೇಬಾರದು ಎಂದು ಅರ್ಥವಲ್ಲ; ಎಷ್ಟೋ ಸಲ ಕಣ್ಣಿಟ್ಟು ಕೊಡಿ ಎಂದಷ್ಟೇ ಅರ್ಥ. ಆ ಕೆಂಪು ಅಕ್ಷರವನ್ನು ಡಾಕ್ಟರಿಗೆ ತೋರಿಸಿ, ಅವರು ಕಾರಣ ಹೇಳುತ್ತಾರೆ. ಹೇಳಬೇಕು.

ಕ್ಷಯದ ಮಾತ್ರೆ: ಎರಡು ತುದಿಯ ಅಪಾಯ

ಇಲ್ಲಿ ಲೆಕ್ಕ ತಲೆಕೆಳಗು. ಟಿಬಿಗೆ ಸರ್ಕಾರದಿಂದ ಉಚಿತವಾಗಿ ಸಿಗುವ ದಿನನಿತ್ಯದ ಮಾತ್ರೆಯಲ್ಲಿ ಆರು ತಿಂಗಳೂ ರಿಫಾಂಪಿಸಿನ್ ಇರುತ್ತದೆ. ತೂಬನ್ನು ಇಷ್ಟು ಎತ್ತುವ ಔಷಧಿ ಇನ್ನೊಂದು ಸಿಗುವುದು ಕಷ್ಟ. ಶುರುವಾದ ಒಂದೆರಡು ವಾರದಲ್ಲಿ ಐಎನ್‌ಆರ್ ಇಳಿಯುತ್ತಾ ಬರುತ್ತದೆ. 2.8 ಇದ್ದದ್ದು 1.3ಕ್ಕೆ ಬಂದರೂ ಮೈಗೆ ಏನೂ ಗೊತ್ತಾಗುವುದಿಲ್ಲ, ನೋವಿಲ್ಲ, ರಕ್ತವಿಲ್ಲ. ವಾಲ್ವಿನ ‘ಟಿಕ್ ಟಿಕ್’ ಸದ್ದು ಮಂಕಾಗುವುದು, ಏದುಸಿರು, ಮುಖ ಸೊಟ್ಟಗಾಗುವುದು, ಇವು ಬರುವ ಹೊತ್ತಿಗೆ ತಡವಾಗಿರುತ್ತದೆ. ಡಾಕ್ಟರು ವಾರವಾರ ಪರೀಕ್ಷೆ ಮಾಡಿಸಿ ಪ್ರಮಾಣ ಹೆಚ್ಚಿಸುತ್ತಾ ಹೋಗುತ್ತಾರೆ. ಮೊದಲಿನ ಎರಡು, ಮೂರು ಪಟ್ಟು, ಕೆಲವರಲ್ಲಿ ಐದು ಪಟ್ಟಿನವರೆಗೂ ಬೇಕಾಗುತ್ತದೆ. “ಇಷ್ಟೊಂದು ಮಾತ್ರೆಯಾ” ಎಂದು ಹೆದರಿ ಕಡಿಮೆ ಮಾಡಬೇಡಿ.

ಆರು ತಿಂಗಳಾಯಿತು, ಟಿಬಿ ವಾಸಿಯಾಯಿತು, ಮನೆಯಲ್ಲಿ ಸಂತೋಷ. ಅಪಾಯದ ಎರಡನೇ ತುದಿ ಇದೇ. ರಿಫಾಂಪಿಸಿನ್ ನಿಂತ ಮುಂದಿನ ಎರಡರಿಂದ ನಾಲ್ಕು ವಾರದಲ್ಲಿ ತೂಬು ನಿಧಾನವಾಗಿ ಹಳೆಯ ಮಟ್ಟಕ್ಕೆ ಇಳಿಯುತ್ತದೆ, ನೀವು ಮಾತ್ರ ಮೂರು ಪಟ್ಟು ಮಾತ್ರೆ ನುಂಗುತ್ತಲೇ ಇರುತ್ತೀರಿ. ಟಿಬಿ ನೋಡುವವರಿಗೆ ಅದು ಮುಗಿದ ಫೈಲು; ಹೃದಯದ ಡಾಕ್ಟರಿಗೆ ಮುಗಿದದ್ದೇ ಗೊತ್ತಿಲ್ಲ. ಕೊನೆಯ ಮಾತ್ರೆ ನುಂಗುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತಿಸಿ, ಆ ವಾರದಿಂದ ಕನಿಷ್ಠ ಒಂದು ತಿಂಗಳು ವಾರವಾರ ಐಎನ್‌ಆರ್ ಮಾಡಿಸಿ, ಪ್ರಮಾಣ ಇಳಿಸಿಕೊಳ್ಳುತ್ತಾ ಬನ್ನಿ.

ಇನ್ನೊಂದು ಚಿಕ್ಕ, ಆದರೆ ಗೊಂದಲದ ವಿಷಯ: ರಿಫಾಂಪಿಸಿನ್ ತೆಗೆದುಕೊಳ್ಳುವವರ ಮೂತ್ರ ಕಿತ್ತಳೆ-ಕೆಂಪಾಗುತ್ತದೆ. ಅದು ಔಷಧಿಯ ಬಣ್ಣ. ಆದರೆ ಅದೇ ಅಭ್ಯಾಸವಾಗಿ, ನಿಜವಾಗಿ ರಕ್ತ ಬಂದಾಗಲೂ “ಟಿಬಿ ಮಾತ್ರೆದು” ಎಂದು ಸುಮ್ಮನಿರಬೇಡಿ. ಬಣ್ಣ ಗಾಢವಾದರೆ, ಹೆಪ್ಪಿನ ತುಣುಕು ಕಂಡರೆ, ಮೂತ್ರ ಪರೀಕ್ಷೆ ಮಾಡಿಸಿ.

ಫಿಟ್ಸ್, ಥೈರಾಯ್ಡ್, ಅಮಿಯೊಡರೋನ್

ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್, ಫಿನೊಬಾರ್ಬಿಟೋನ್ ಐಎನ್‌ಆರ್ ಇಳಿಸುತ್ತವೆ. ಫೆನಿಟಾಯಿನ್ ಮೊದಲು ಏರಿಸಿ ಆಮೇಲೆ ಇಳಿಸಬಲ್ಲದು. ಇವನ್ನು ಒಂದು ದಿನವೂ ತಟ್ಟನೆ ನಿಲ್ಲಿಸಕೂಡದು. ಫಿಟ್ಸ್ ಬಂದು ಬಿದ್ದರೆ ತಲೆಗೆ ಪೆಟ್ಟು. ಥೈರಾಯ್ಡ್ ಮಾತ್ರೆ ಹೊಸದಾಗಿ ಶುರುವಾದರೆ ಅಥವಾ ಪ್ರಮಾಣ ಹೆಚ್ಚಾದರೆ ರಕ್ತ ತೆಳು ಮಾಡುವ ಮಾತ್ರೆಯ ಬಲವೂ ಹೆಚ್ಚುತ್ತದೆ.

ಅಮಿಯೊಡರೋನ್ ತಾಳ ತಪ್ಪಿದ ಬಡಿತಕ್ಕೆ ಕೊಡುವ ಔಷಧಿ, ಬರೆಯುವವರು ಬಹುಮಟ್ಟಿಗೆ ಅದೇ ಹೃದಯದ ಡಾಕ್ಟರು. ಅದು ಕೊಬ್ಬಿನಲ್ಲಿ ಸೇರಿಕೊಂಡು ಕೂರುತ್ತದೆ. ಪರಿಣಾಮ ವಾರಗಳ ಮೇಲೆ ಏರುತ್ತಾ ಹೋಗುತ್ತದೆ, ವಾರ್ಫರಿನ್ ಪ್ರಮಾಣವನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಸಬೇಕಾಗಬಹುದು. ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಹಾಗಾಗಿ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಸರಿಯಿದ್ದ ಐಎನ್‌ಆರ್ ತಿಂಗಳ ಮೇಲೆ ಸರಿಯಿಲ್ಲದಿರಬಹುದು. “ಹೋದ ಸಲ ಸರಿಯಿತ್ತು” ಎಂದು ಪರೀಕ್ಷೆ ತಪ್ಪಿಸಬೇಡಿ.

ಪರೀಕ್ಷೆ ಇಲ್ಲದ ಹೊಸ ಮಾತ್ರೆ ಕೊಡಿ ಎನ್ನುವ ಮೊದಲು

ಪಕ್ಕದ ಮನೆಯವರಿಗೆ ಡಾಬಿಗಟ್ರಾನೋ ರಿವರೊಕ್ಸಬಾನೋ ಕೊಟ್ಟಿದ್ದಾರೆ, ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವ ಕಾಟವಿಲ್ಲ, ನನಗೇಕಿಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟು. ಲೋಹದ ವಾಲ್ವ್ ಇದ್ದವರಿಗೆ ಡಾಬಿಗಟ್ರಾನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ರಕ್ತಸ್ರಾವವೂ ಎರಡೂ ಹೆಚ್ಚಾಗಿ ನಡುವೆಯೇ ನಿಲ್ಲಿಸಬೇಕಾಯಿತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಚಿಕ್ಕಂದಿನ ಕೀಲುಜ್ವರದಿಂದ ವಾಲ್ವ್ ಕೆಟ್ಟು ಬಡಿತದ ತಾಳ ತಪ್ಪಿದವರಲ್ಲಿ, ನಮ್ಮ ದೇಶದಲ್ಲಿ ಇಂಥವರು ಬಹಳ, ರಿವರೊಕ್ಸಬಾನಿಗಿಂತ ಹಳೆಯ ಮಾತ್ರೆಯೇ ಮೇಲು ಎಂದು 2022ರ ದೊಡ್ಡ ಅಧ್ಯಯನ ತೋರಿಸಿತು. ಪಕ್ಕದ ಮನೆಯ ಮಾತ್ರೆಯನ್ನು ಎರವಲು ತಂದು ನುಂಗಬೇಡಿ. ಹೊಸ ಮಾತ್ರೆಗಳಿಗೂ ರಿಫಾಂಪಿಸಿನ್ ಆಗದು ಎಂಬುದೂ ಗೊತ್ತಿರಲಿ.

ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದದ್ದು ನಿಜ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ತಂಡ, ಕೊಳೆತ ಮೇವು ತಿಂದು ರಕ್ತ ನಿಲ್ಲದೆ ಸಾಯುತ್ತಿದ್ದ ದನಗಳ ಜಾಡು ಹಿಡಿದು ಇದರ ಮೂಲ ಕಂಡುಹಿಡಿಯಿತು. ಮನುಷ್ಯರಿಗೆ ಬಳಸಲು ಒಪ್ಪಿಗೆ ಸಿಕ್ಕಿದ್ದು 1954ರಲ್ಲಿ. ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕೊಟ್ಟರು. ಈ ಕಥೆ ಎಲ್ಲೋ ಓದಿ “ಇಲಿ ಪಾಷಾಣ ನುಂಗಿಸ್ತಿದಾರೆ” ಎಂದು ಮಾತ್ರೆ ಎಸೆದವರು ಇದ್ದಾರೆ. ಎಸೆಯಬೇಡಿ.

ದಿನನಿತ್ಯದ ನಿಯಮ

ಸಂಜೆ ಒಂದೇ ಹೊತ್ತಿಗೆ ನುಂಗಿ. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ವರದಿ ಬರುತ್ತದೆ, ಅಂದಿನ ಪ್ರಮಾಣವನ್ನು ಅಂದೇ ಬದಲಿಸಬಹುದು. ಮರೆತರೆ, ಅದೇ ದಿನ ನೆನಪಾದರೆ ನುಂಗಿ. ಮರುದಿನ ನೆನಪಾದರೆ ಬಿಡಿ, ಎರಡು ಸೇರಿಸಿ ನುಂಗಕೂಡದು. ಐಎನ್‌ಆರ್ ಪುಸ್ತಕದಲ್ಲಿ ತಾರೀಖು, ಸಂಖ್ಯೆ, ಮಾತ್ರೆಯ ಪ್ರಮಾಣ ಇರುವ ಕಡೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದುಕೊಳ್ಳಿ: ಈ ನಡುವೆ ಶುರುವಾದ ಬೇರೆ ಔಷಧಿ, ನಿಂತ ಬೇರೆ ಔಷಧಿ. ಛಾಪಿಸಿದ ಪುಸ್ತಕಗಳಲ್ಲಿ ಆ ಅಂಕಣವೇ ಇಲ್ಲದಿರುವುದು ನನಗೆ ಸರಿಕಾಣುವುದಿಲ್ಲ. ಏರಿದ ಸಂಖ್ಯೆಯ ಕಾರಣ ಬಹಳ ಸಲ ಸಿಗುವುದು ಅಲ್ಲೇ.

ಸೊಪ್ಪು ಬಿಡಬೇಡಿ. ನುಗ್ಗೆಸೊಪ್ಪು, ಪಾಲಕ್, ಎಲೆಕೋಸು ತಿನ್ನುವ ಮನೆಯಾದರೆ ಪ್ರತಿವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಿ, ಡಾಕ್ಟರು ಆ ಲೆಕ್ಕಕ್ಕೆ ಮಾತ್ರೆ ಹೊಂದಿಸುತ್ತಾರೆ.

ಇವು ಕಂಡರೆ ಅಂದೇ, ಆ ಹೊತ್ತೇ

ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಾಸನೆಯ ಮಲ (ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಹಾಗೆಂದು ನೀವೇ ತೀರ್ಮಾನಿಸಬೇಡಿ). ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ. ಪೆಟ್ಟಿಲ್ಲದೆ ಮೈಮೇಲೆ ಏಳುವ ನೀಲಿ ಕಲೆ. ಹಲ್ಲುಜ್ಜುವಾಗ ದಿನಾ ಬರುವ ರಕ್ತ. ಎಂದಿಗಿಂತ ಹೆಚ್ಚು ಹೋಗುವ ಮುಟ್ಟು. ವಾಂತಿಯಲ್ಲಿ ಕಾಫಿ ಗಸಿಯಂಥದ್ದು. ಹಿಂದೆಂದೂ ಕಾಣದಂಥ ತಲೆನೋವು, ತೊದಲು, ಕೈಕಾಲು ಸೋಲು.

ತಲೆಗೆ ಪೆಟ್ಟು ಬಿದ್ದರೆ, ಬಚ್ಚಲಲ್ಲಿ ಜಾರಿ ಬಿದ್ದದ್ದಾದರೂ, ಆ ಕ್ಷಣಕ್ಕೆ ಎದ್ದು ಓಡಾಡುತ್ತಿದ್ದರೂ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. “ಮಲಗಿದ್ರೆ ಸರಿಹೋಗುತ್ತೆ” ಎಂದು ಮಲಗಿಸಬೇಡಿ. ತುರ್ತು ವಿಭಾಗದ ಬಾಗಿಲಲ್ಲೇ ಮಾತ್ರೆಯ ಹೆಸರು ಹೇಳಿ. ವಿಟಮಿನ್ ಕೆ, ಪ್ಲಾಸ್ಮಾ, ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರ ಔಷಧಿ, ಇವನ್ನು ಕೊಟ್ಟು ಪರಿಣಾಮವನ್ನು ಹಿಂದಕ್ಕೆ ತರಲು ಅವರಿಗೆ ಸಾಧ್ಯ. ಮನೆಯಲ್ಲಿ ನೀವೇ ವಿಟಮಿನ್ ಕೆ ಮಾತ್ರೆ ನುಂಗಬೇಡಿ, ಆಮೇಲೆ ವಾರಗಟ್ಟಲೆ ಅಸಿಟ್ರೋಮ್ ಹಿಡಿತಕ್ಕೆ ಬರುವುದಿಲ್ಲ.

ತೊಂದರೆ ಆದರೆ ಬರೆಸಿ

ಎರಡು ಔಷಧಿ ಸೇರಿ ಹೀಗಾಯಿತು ಎಂದು ಡಾಕ್ಟರೂ ಒಪ್ಪಿದರೆ ಅದು ದಾಖಲಾಗಬೇಕು. ನಮ್ಮ ದೇಶದಲ್ಲಿ 2010ರಿಂದ ಔಷಧ ಜಾಗೃತಿ ಕಾರ್ಯಕ್ರಮ ನಡೆಯುತ್ತಿದೆ, ಈಗ ಘಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯ ಆಯೋಗದ ಅಡಿಯಲ್ಲಿ. ವೈದ್ಯಕೀಯ ಕಾಲೇಜುಗಳಲ್ಲಿ ಇದರ ಕೇಂದ್ರಗಳಿವೆ. ರೋಗಿಯೇ ತುಂಬಿ ಕಳಿಸಬಹುದಾದ ಅರ್ಜಿ ಕನ್ನಡದಲ್ಲೂ ಇದೆ. ಶುಲ್ಕವಿಲ್ಲದ ಸಹಾಯವಾಣಿ 1800-180-3024, ಕೆಲಸದ ದಿನಗಳಲ್ಲಿ. ಇದು ಯಾರ ಮೇಲೂ ದೂರಲ್ಲ, ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆಂಬ ಅಳುಕು ಬೇಡ. ಫೋನು ಮಾಡುವಾಗ ಎರಡೂ ಚೀಟಿ, ಎರಡೂ ಸ್ಟ್ರಿಪ್ಪು, ಐಎನ್‌ಆರ್ ಪುಸ್ತಕ ಎದುರಿಗಿರಲಿ: ಯಾವ ಮಾತ್ರೆ ಯಾವತ್ತು ಶುರುವಾಯಿತು, ಯಾವತ್ತು ನಿಂತಿತು ಎಂದು ಅವರು ಕೇಳುತ್ತಾರೆ.